168 ಗಂಟೆಗಳ ಲೆಕ್ಕ: ವೃತ್ತಿ, ಮನೆ ಮತ್ತು ಪರಿಮಾಣ
(ಚೆಂಬೂರಿನಲ್ಲಿ ನಡೆದ ಸಮಾಜ ಬಾಂಧವರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೃತ್ತಿಜೀವನವನ್ನೂ ಕುಟುಂಬಜೀವನವನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ಈ ವಿಷಯದ ಉಪನ್ಯಾಸಗಳನ್ನು ತಾವು ಬಹಳಷ್ಟು ಕೇಳಿರುತ್ತೀರಿ. ಬೆಳಗ್ಗೆ ಬೇಗ ಏಳಬೇಕು, ಧ್ಯಾನ ಮಾಡಬೇಕು, ಊಟದ ಹೊತ್ತಿನಲ್ಲಿ ಮೊಬೈಲನ್ನು ದೂರವಿಡಬೇಕು ಎಂಬ ಮಾತುಗಳು ಅಲ್ಲಿರುತ್ತವೆ. ಅವು ಒಳ್ಳೆಯ ಮಾತುಗಳೇ. ಆದರೆ ನಾನು ಲೆಕ್ಕಪರಿಶೋಧನೆಯ ವೃತ್ತಿಯವಳು. ಸಲಹೆ ಕೊಡುವುದಕ್ಕೆ ಮೊದಲು ಪುಸ್ತಕಗಳನ್ನು ತೆರೆದು ನೋಡುವುದು ನಮ್ಮ ಅಭ್ಯಾಸ. ಆದ್ದರಿಂದ ಇಂದು ತಮ್ಮ ಮುಂದೆ ಉಪದೇಶವನ್ನಿಡದೆ ಒಂದು ಲೆಕ್ಕವನ್ನಿಡುತ್ತೇನೆ.

ಈ ವಿಷಯ ಬಂದಾಗಲೆಲ್ಲ ಬಳಕೆಯಾಗುವ ಶಬ್ದ ‘ಸಮತೋಲನ’. ನಮ್ಮ ವೃತ್ತಿಯಲ್ಲಿ ಈ ಶಬ್ದದ ಬಗ್ಗೆ ಸ್ವಲ್ಪ ಸಂಶಯವಿದೆ. ಏಕೆಂದರೆ ಬ್ಯಾಲೆನ್ಸ್ ಶೀಟಿನ ಎರಡು ಬದಿಗಳು ಯಾವಾಗಲೂ ಸಮವಾಗಿಯೇ ಇರುತ್ತವೆ. ನಾಳೆ ಮುಳುಗಲಿರುವ ಕಂಪೆನಿಯ ಬ್ಯಾಲೆನ್ಸ್ ಶೀಟು ಸಹ ಇಂದು ತಾಳೆಯಾಗುತ್ತದೆ. ತಾಳೆಯಾಯಿತೆಂದ ಮಾತ್ರಕ್ಕೆ ವ್ಯವಹಾರ ಆರೋಗ್ಯವಾಗಿದೆಯೆಂದು ಅರ್ಥವಲ್ಲ. ಯಾವ ಖರ್ಚನ್ನು ಯಾರ ಖಾತೆಗೆ ಬರೆಯಲಾಗಿದೆ, ಯಾವ ಹೊಣೆಯನ್ನು ಪುಸ್ತಕಕ್ಕೆ ತರದೆ ಬಿಡಲಾಗಿದೆ ಎಂದು ನೋಡುವುದೇ ಪರಿಶೋಧನೆ. ನಮ್ಮ ಮನೆಗಳಲ್ಲಿಯೂ ಎಲ್ಲವೂ ಹೇಗೋ ತಾಳೆಯಾಗುತ್ತಿದೆ. ಮಕ್ಕಳು ಶಾಲೆಗೆ ಹೋಗುತ್ತಾರೆ, ಕಂತು ಕಟ್ಟಲ್ಪಡುತ್ತದೆ, ಹಬ್ಬಗಳು ನಡೆಯುತ್ತವೆ. ಯಾರ ಖಾತೆಯಿಂದ ಎಂಬುದಷ್ಟೇ ಪ್ರಶ್ನೆ.

ಹಣದ ಲೆಕ್ಕದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರವಿರಬಹುದು. ಕಾಲದ ಲೆಕ್ಕದಲ್ಲಿ ಎಲ್ಲರ ಮೂಲಬಂಡವಾಳವೂ ಒಂದೇ: ವಾರಕ್ಕೆ 168 ಗಂಟೆ. ಇದಕ್ಕೆ ಸಾಲ ಸಿಗುವುದಿಲ್ಲ, ಮುಂದಿನ ವಾರಕ್ಕೆ ಉಳಿಕೆಯನ್ನು ಒಯ್ಯಲಾಗುವುದಿಲ್ಲ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್. ಆರ್. ನಾರಾಯಣ ಮೂರ್ತಿಯವರು, ದೇಶ ಮುಂದುವರಿಯಬೇಕಾದರೆ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಕಂಪೆನಿಯ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂದಿತು. ಭಾನುವಾರ ಮನೆಯಲ್ಲಿ ಕುಳಿತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂಬ ಅರ್ಥದಲ್ಲಿ ಅವರು ಕೇಳಿದ್ದರು. ದೊಡ್ಡವರ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಮೊದಲಿನ ಮಾತನ್ನೇ, ಎರಡರಲ್ಲಿ ಸೌಮ್ಯವಾದುದನ್ನೇ, ಲೆಕ್ಕಕ್ಕೆ ತೆಗೆದುಕೊಳ್ಳೋಣ.

ವಾರಕ್ಕೆ ಆರು ದಿನಗಳಲ್ಲಿ 70 ಗಂಟೆ ಕೆಲಸ. ಚೆಂಬೂರಿನಿಂದ ಹಾರ್ಬರ್ ಮಾರ್ಗದ ರೈಲಿನಲ್ಲಿ ಫೋರ್ಟಿಗೋ, ರಿಕ್ಷಾ ಹಿಡಿದು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೋ ಮನೆ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಹೋಗಿ ಬರಲು ದಿನಕ್ಕೆ 2 ಗಂಟೆಯೆಂದು ಹಿಡಿದರೆ ವಾರಕ್ಕೆ 12 ಗಂಟೆ. ನಿದ್ರೆಗೆ ದಿನಕ್ಕೆ 8ರಂತೆ 56 ಗಂಟೆ. ಮೂರೂ ಕೂಡಿದರೆ 138. ಉಳಿದದ್ದು 30 ಗಂಟೆ.

ಇನ್ನು ಮನೆಗೆಲಸ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಪುರುಷರು 88 ನಿಮಿಷ. ವಾರಕ್ಕೆ ಮಹಿಳೆಯರದು 33 ಗಂಟೆ 43 ನಿಮಿಷ, ಪುರುಷರದು 10 ಗಂಟೆ 16 ನಿಮಿಷ.

ಈಗ ಕೂಡಿ ನೋಡಿ. 70 ಗಂಟೆ ದುಡಿಯುವ ಪುರುಷನ ವಾರ 148 ಗಂಟೆ 16 ನಿಮಿಷಕ್ಕೆ ಮುಗಿಯುತ್ತದೆ. ಅವನ ಕೈಯಲ್ಲಿ 19 ಗಂಟೆ 44 ನಿಮಿಷ ಉಳಿಯುತ್ತದೆ. 70 ಗಂಟೆ ದುಡಿಯುವ ಮಹಿಳೆಯ ವಾರ 171 ಗಂಟೆ 43 ನಿಮಿಷವಾಗುತ್ತದೆ. ಅಂದರೆ ದೇವರು ಕೊಟ್ಟ 168 ಗಂಟೆಗಳಿಗಿಂತ 3 ಗಂಟೆ 43 ನಿಮಿಷ ಹೆಚ್ಚು. ಅವಳು ಇನ್ನೂ ಸ್ನಾನ ಮಾಡಿಲ್ಲ, ಊಟ ಮಾಡಿಲ್ಲ, ಒಂದು ಸಾಮಾಯಿಕಕ್ಕೆ ಬೇಕಾದ 48 ನಿಮಿಷ ಕುಳಿತಿಲ್ಲ. ಮಕ್ಕಳ ಮತ್ತು ಹಿರಿಯರ ಆರೈಕೆಯನ್ನು ಆ ಸಮೀಕ್ಷೆ ಬೇರೆಯಾಗಿ ಎಣಿಸಿದೆ: 15ರಿಂದ 59 ವರ್ಷದೊಳಗಿನವರಲ್ಲಿ ಆರೈಕೆ ಮಾಡುವ ಮಹಿಳೆಗೆ ದಿನಕ್ಕೆ 140 ನಿಮಿಷ, ಪುರುಷನಿಗೆ 74. ಅದನ್ನು ನಾನು ಸೇರಿಸಿಯೇ ಇಲ್ಲ.

ಈ ಲೆಕ್ಕದಿಂದ ತಿಳಿಯುವುದಿಷ್ಟು. ವಾರಕ್ಕೆ 70 ಗಂಟೆ ದುಡಿಯುವುದು ಮನುಷ್ಯನಿಗೆ ಸಾಧ್ಯವಿದೆ. ಆದರೆ ಅವನ ಬದಲಿಗೆ ಮನೆಯಲ್ಲಿ ಇನ್ನೊಬ್ಬರು ಲೆಕ್ಕಕ್ಕೆ ಬಾರದ ಗಂಟೆಗಳನ್ನು ದುಡಿಯುತ್ತಿದ್ದರೆ ಮಾತ್ರ. ಆ ಇನ್ನೊಬ್ಬರೂ ಹೊರಗೆ ದುಡಿಯಲು ಹೊರಟ ದಿನ ಪುಸ್ತಕ ತಾಳೆಯಾಗುವುದಿಲ್ಲ. ಆಗ ನಾವು ಅವಳಿಗೆ ‘ಸಮತೋಲನ ಕಲಿತುಕೊ’ ಎನ್ನುತ್ತೇವೆ. ಇದು ಅವಳ ಜಾಣ್ಮೆಯ ಕೊರತೆಯೇ, ಕೂಡುವ ಲೆಕ್ಕದ ತಪ್ಪೇ ಎಂದು ತಾವೇ ಹೇಳಿ.

ಈ ಮಾತು ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. ದೆಹಲಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ದಂಪತಿಗಳ ಪರಿಹಾರದ ಪ್ರಕರಣವನ್ನು 2021ರ ಜನವರಿ 5ರಂದು ತೀರ್ಮಾನಿಸುವಾಗ, ಗೃಹಿಣಿಯ ಶ್ರಮಕ್ಕೂ ಆದಾಯದ ಬೆಲೆ ಕಟ್ಟಬೇಕೆಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ನ್ಯಾಯಮೂರ್ತಿ ಎನ್. ವಿ. ರಮಣ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಇದೇ ಸಮಯ ಬಳಕೆಯ ಸಮೀಕ್ಷೆಯ 2019ರ ಅಂಕಿಗಳನ್ನು ಆಧಾರವಾಗಿ ತೆಗೆದುಕೊಂಡಿದ್ದರು. ಅಪಘಾತವಾದ ಮೇಲೆ ನ್ಯಾಯಾಲಯ ಕಟ್ಟುವ ಬೆಲೆಯನ್ನು ಬದುಕಿರುವಾಗಲೇ ಮನೆಯವರು ಕಟ್ಟಬಾರದೆ?

ಬಾಂಧವರೆ, ಈಗ ಸ್ವಲ್ಪ ಹಿಂದೆ ನೋಡೋಣ. ನಮ್ಮ ಹಿರಿಯರು ಕಾರ್ಕಳ, ಮೂಡುಬಿದಿರೆ, ವೇಣೂರುಗಳ ಕಡೆಯಿಂದ, ಬೆಳಗಾವಿಯ ಕಡೆಯಿಂದ ಈ ನಗರಕ್ಕೆ ಬಂದವರು. ಹಗಲು ದುಡಿದು ರಾತ್ರಿ ಕಲಿಯುವ ಕನ್ನಡ ರಾತ್ರಿಶಾಲೆಗಳ ಸಂಪ್ರದಾಯವನ್ನು ಮುಂಬಯಿಯ ಕನ್ನಡಿಗರು 20ನೆಯ ಶತಮಾನದ ಆರಂಭದಲ್ಲೇ ಕಟ್ಟಿದರು. ಹೋಟೆಲಿನಲ್ಲಿ ಕೆಲಸ ಮಾಡಿ, ಅಲ್ಲೇ ಮಲಗಿ, ರಾತ್ರಿಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೋ ಕಾರ್ಖಾನೆಗೋ ಸೇರಿದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿಯೂ ಇದ್ದೀರಿ. ಅವರ ದುಡಿಮೆಗೆ ತಲೆಬಾಗೋಣ. ಆದರೆ ಅವರಿಗೆ ಸಮತೋಲನದ ಪ್ರಶ್ನೆ ಏಕೆ ಬರಲಿಲ್ಲ ಎಂಬುದನ್ನೂ ನೋಡಬೇಕು. ಅನೇಕರ ಸಂಸಾರ ಊರಿನಲ್ಲಿತ್ತು. ತಿಂಗಳಿಗೊಮ್ಮೆ ಮನಿಯಾರ್ಡರ್ ಹೋಗುತ್ತಿತ್ತು, ವರ್ಷಕ್ಕೊಮ್ಮೆ ಅವರು ಹೋಗುತ್ತಿದ್ದರು. ಗದ್ದೆ, ಹಟ್ಟಿ, ಅತ್ತೆ, ಮಾವ, ಮಕ್ಕಳ ಜ್ವರ ಎಲ್ಲವನ್ನೂ ಊರಿನಲ್ಲಿದ್ದವಳು ನೋಡಿಕೊಳ್ಳುತ್ತಿದ್ದಳು. ಸಮತೋಲನ 900 ಕಿಲೋಮೀಟರು ದೂರದಲ್ಲಿ ನಡೆಯುತ್ತಿತ್ತು. ಮುಂಬಯಿಯ ಪುಸ್ತಕದಲ್ಲಿ ಅದು ಕಾಣುತ್ತಿರಲಿಲ್ಲ.

ಊರಿನ ಆ ಮನೆಯಲ್ಲಿ ಅವಳೊಬ್ಬಳೇ ಇರಲಿಲ್ಲ ಎಂಬುದೂ ನೆನಪಿರಲಿ. ತುಳುನಾಡಿನ ಜೈನರಲ್ಲಿ ಬಹಳ ಮಂದಿ ಅಳಿಯಸಂತಾನದ ಕಟ್ಟಿಗೆ ಸೇರಿದವರು. 1949ರ ಮದರಾಸು ಅಳಿಯಸಂತಾನ ಕಾಯಿದೆ ಬಂದು ಪಾಲುಪಟ್ಟಿಗಳಾಗುವ ಮೊದಲು ಕುಟುಂಬದ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅವರ ಹೆಣ್ಣುಮಕ್ಕಳು ಒಟ್ಟಿಗಿರುತ್ತಿದ್ದರು. ಹತ್ತು ಕೈಗಳು ಹಂಚಿಕೊಂಡಿದ್ದ ಕೆಲಸವದು. ಆ ಹತ್ತು ಕೈಗಳ ಕೆಲಸವನ್ನು ನಾವು ಚೆಂಬೂರಿನ, ಘಾಟ್ಕೋಪರಿನ, ಡೊಂಬಿವಲಿಯ ಎರಡು ಕೋಣೆಯ ಮನೆಗೆ ತಂದು ಎರಡು ಕೈಗಳಿಗೆ ಒಪ್ಪಿಸಿದೆವು. ಅನಂತರ ಆ ಎರಡು ಕೈಗಳಿಗೆ ಪದವಿಯನ್ನೂ ಕೊಡಿಸಿದೆವು, ಉದ್ಯೋಗವನ್ನೂ ಕೊಡಿಸಿದೆವು. ಅದು ನಮ್ಮ ಸಮಾಜದ ಹೆಮ್ಮೆ. ಆದರೆ ಹಳೆಯ ಕೆಲಸವನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಲ್ಲಿ ನಮ್ಮ ಸಮಾಜಕ್ಕೆ ವಿಶೇಷವಾದ ಒಂದು ಮಾತಿದೆ. ನಾವು ಸೂರ್ಯಾಸ್ತಕ್ಕೆ ಮೊದಲು ಊಟ ಮಾಡಬೇಕಾದವರು. ಮುಂಬಯಿಯಲ್ಲಿ ಜುಲೈ ಆರಂಭದಲ್ಲಿ ಸೂರ್ಯ ಮುಳುಗುವುದು ಏಳೂ ಇಪ್ಪತ್ತರ ಸುಮಾರಿಗೆ. ನವೆಂಬರ್ ಕೊನೆಯಲ್ಲಿ ಆರು ಗಂಟೆಯ ಸುಮಾರಿಗೆ. ಕಚೇರಿ ಬಿಡುವುದು ಆರಕ್ಕೆ. ಹಾಗಾದರೆ ನವೆಂಬರಿನಲ್ಲಿ ಅತ್ತೆ ಮಾವಂದಿರ ವ್ರತ ನಡೆಯುವುದು ಹೇಗೆ? ಬಹಳ ಮನೆಗಳಲ್ಲಿ ಅದಕ್ಕೆ ಉತ್ತರ, ಸೊಸೆ ಬೆಳಗ್ಗೆ ನಾಲ್ಕೂವರೆಗೆ ಎದ್ದು ಎರಡು ಹೊತ್ತಿನ ಅಡುಗೆ ಮುಗಿಸುವುದು. ವ್ರತ ಒಬ್ಬರದು, ಶ್ರಮ ಇನ್ನೊಬ್ಬರದು. ಆ ಶ್ರಮದವಳು ತಾನು ಮಾತ್ರ ರಾತ್ರಿ ಎಂಟಕ್ಕೆ ಬಂದು ತಣ್ಣಗಾದದ್ದನ್ನು ಉಣ್ಣುತ್ತಾಳೆ. ವ್ರತವನ್ನು ಬಿಡಿ ಎಂದು ನಾನು ಹೇಳಲಾರೆ. ವ್ರತ ಹಿಡಿದವರು ಅದರ ಶ್ರಮದಲ್ಲೂ ಪಾಲು ಹಿಡಿಯಬೇಕು ಎನ್ನುತ್ತೇನೆ. ನಿವೃತ್ತರಾದ ಮಾವನವರು ಸಂಜೆ ಐದಕ್ಕೆ ಅನ್ನಕ್ಕಿಟ್ಟು ಸಾರು ಬಿಸಿ ಮಾಡಿದರೆ ಯಾವ ಆಗಮಕ್ಕೂ ವಿರೋಧವಾಗುವುದಿಲ್ಲ.

ಇನ್ನು ಪಂಚಾಂಗ ಮತ್ತು ತೆರಿಗೆಯ ಕ್ಯಾಲೆಂಡರು. ನಮ್ಮ ದಶಲಕ್ಷಣ ಪರ್ವ ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ. ತೆರಿಗೆ ಆಡಿಟ್ ವರದಿಯ ಕೊನೆಯ ದಿನ ಸೆಪ್ಟೆಂಬರ್ 30. 2024ರಲ್ಲಿ ಪರ್ವ ನಡೆದದ್ದು ಸೆಪ್ಟೆಂಬರ್ 8ರಿಂದ 17ರವರೆಗೆ. ಮುಂಗಡ ತೆರಿಗೆಯ ಕಂತಿನ ದಿನವಾದ 15ನೆಯ ತಾರೀಖು ಪರ್ವದ ಎಂಟನೆಯ ದಿನ, ಉತ್ತಮ ತ್ಯಾಗದ ದಿನವಾಗಿತ್ತು. ಸರ್ಕಾರಕ್ಕೂ ಶಾಸ್ತ್ರ ಗೊತ್ತಿದೆಯೆಂದು ನಾವು ಕಚೇರಿಯಲ್ಲಿ ನಕ್ಕೆವು. 2025ರಲ್ಲಿ ಆಡಿಟ್ ವರದಿಯ ಗಡುವನ್ನು ಅಕ್ಟೋಬರ್ 31ಕ್ಕೆ, ಅನಂತರ ನವೆಂಬರ್ 10ಕ್ಕೆ ಮುಂದೂಡಿದರು. ಗಡುವು ಮುಂದೆ ಹೋಯಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ಕೆಲಸವೂ ಅದರೊಂದಿಗೆ ಮುಂದೆ ಹೋಗಿ ದೀಪಾವಳಿಯನ್ನು, ಮಹಾವೀರ ಸ್ವಾಮಿಯ ನಿರ್ವಾಣೋತ್ಸವವನ್ನು ನುಂಗಿತು. ಇದರಿಂದ ನಾನು ತಿಳಿದದ್ದು: ಕೆಲಸಕ್ಕೆ ಹೊರಗಿನಿಂದ ಎಷ್ಟು ಜಾಗ ಕೊಟ್ಟರೂ ಅದು ತುಂಬಿಕೊಳ್ಳುತ್ತದೆ. ಮಿತಿಯನ್ನು ಒಳಗಿನಿಂದ ಹಾಕಬೇಕು.

ಮಿತಿಯಿಲ್ಲದ ಕೆಲಸ ಎಲ್ಲಿಗೆ ಒಯ್ಯಬಹುದು ಎಂಬ ಆತಂಕ ನಮ್ಮ ವೃತ್ತಿಯಲ್ಲಿ ಈಚೆಗೆ ಬಹಿರಂಗವಾಗಿಯೇ ಎದ್ದಿತು. 2024ರ ಜುಲೈಯಲ್ಲಿ, ಪುಣೆಯ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯೊಂದಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಸಿಎ ತರುಣಿಯೊಬ್ಬಳು ತೀರಿಕೊಂಡಳು. ಮಿತಿಮೀರಿದ ಕೆಲಸದ ಹೊರೆಯೇ ಕಾರಣವೆಂದು ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರಿನಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಸಂಸ್ಥೆ ಅದನ್ನು ಒಪ್ಪಲಿಲ್ಲ. ಸಾವಿನ ಕಾರಣವನ್ನು ತೀರ್ಮಾನಿಸಲು ನಾನು ವೈದ್ಯೆಯಲ್ಲ. ಆದರೆ ಆ ಪತ್ರವನ್ನು ಓದಿದ ಪ್ರತಿಯೊಬ್ಬ ಸಿಎಯ ತಾಯಿಯೂ ಆ ರಾತ್ರಿ ತನ್ನ ಮಗುವಿಗೆ ಫೋನು ಮಾಡಿರಬೇಕು ಎಂದು ಮಾತ್ರ ಹೇಳಬಲ್ಲೆ.

ಕಾನೂನು ಇಲ್ಲವೇ ಎಂದು ಕೇಳಬಹುದು. 1948ರ ಕಾರ್ಖಾನೆಗಳ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿಯನ್ನು ಹಾಕಿತು. ಅದಕ್ಕೂ ಮೊದಲು, ಇದೇ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ 1890ರಲ್ಲಿ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆಯಿತು. ಇಂದು ನಾವು ಅನುಭವಿಸುವ ಭಾನುವಾರ ಯಾರೋ ಹೋರಾಡಿ ಗಳಿಸಿದ ಆಸ್ತಿ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೂ 48 ಗಂಟೆಯ ಮಿತಿಯನ್ನಿಟ್ಟಿತು. ಆದರೆ ವ್ಯವಸ್ಥಾಪಕ ಹುದ್ದೆಯಲ್ಲಿರುವವರನ್ನು ಅದರಿಂದ ಹೊರಗಿಟ್ಟಿತು. ನಮ್ಮ ಮಕ್ಕಳಿಗೆ ಸಿಗುವ ನೇಮಕಾತಿ ಪತ್ರಗಳಲ್ಲಿ ಹುದ್ದೆಯ ಹೆಸರಿನ ಕೊನೆಗೆ ‘ಮ್ಯಾನೇಜರ್’ ಎಂಬ ಶಬ್ದ ಏಕೆ ಅಷ್ಟು ಸುಲಭವಾಗಿ ಅಂಟಿಕೊಂಡಿರುತ್ತದೆ ಎಂಬುದನ್ನು ಯೋಚಿಸಿ. ಕೆಲಸದ ವೇಳೆಯ ನಂತರ ಕಚೇರಿಯ ಕರೆಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಾಗಿ ಜಾರಿಗೆ ತಂದವು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆಯವರು ಇಂಥದೇ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು. ಇತ್ತ 2024ರಲ್ಲಿ ಕರ್ನಾಟಕದಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾಪ ಎದ್ದು, ನೌಕರರ ಸಂಘಗಳು ಅದನ್ನು ವಿರೋಧಿಸಬೇಕಾಯಿತು. ಯಾವ ಪಕ್ಷದ ಸರ್ಕಾರವಿದ್ದರೂ ಈ ಒತ್ತಡ ಬಂದೇ ಬರುತ್ತದೆ. ಮತ ಕೇಳಲು ಬರುವವರನ್ನು ದೇವಸ್ಥಾನ, ರಸ್ತೆಗಳ ಬಗ್ಗೆ ಕೇಳುವ ನಾವು ಇದನ್ನೂ ಕೇಳಬೇಕು.

ಆದರೆ ಕಾನೂನು ಪೂರ್ತಿ ಜಾರಿಯಾದರೂ ಲೆಕ್ಕದ ಅರ್ಧ ಮಾತ್ರ ಸರಿಹೋಗುತ್ತದೆ. ಅದೇ ಲೆಕ್ಕವನ್ನು 48 ಗಂಟೆಗೆ ಹಾಕಿ ನೋಡಿ: ಪುರುಷನಿಗೆ ಉಳಿಯುವುದು 41 ಗಂಟೆ 44 ನಿಮಿಷ, ಮಹಿಳೆಗೆ 18 ಗಂಟೆ 17 ನಿಮಿಷ. ವಾರಕ್ಕೆ ಸುಮಾರು 23 ಗಂಟೆ 30 ನಿಮಿಷಗಳ ಈ ಅಂತರವನ್ನು ಯಾವ ಸರ್ಕಾರವೂ ತುಂಬಿಕೊಡಲಾರದು. ಅದನ್ನು ಮನೆಯಲ್ಲೇ ತುಂಬಬೇಕು.

ಇನ್ನು ನನ್ನ ಬಳಿ ಕುಟುಂಬದ ಲೆಕ್ಕ ಕೇಳಲು ಬರುವವರಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾದ. ಉದಾಹರಣೆಗೆ, ಗಂಡನ ಸಂಬಳ ಕೈಗೆ 90,000 ರೂಪಾಯಿ, ಹೆಂಡತಿಯದು 60,000 ಎಂದಿಟ್ಟುಕೊಳ್ಳಿ. ಮಗು ಹುಟ್ಟಿತು. ಪಾಳಣಾಘರಕ್ಕೆ, ಅಡುಗೆಯ ಬಾಯಿಗೆ, ಓಡಾಟಕ್ಕೆ ತಿಂಗಳಿಗೆ 32,000 ಖರ್ಚು. ಕೂಡಲೇ ಮನೆಯವರು ಹೇಳುತ್ತಾರೆ: ‘60,000ದಲ್ಲಿ 32,000 ಹೋದರೆ ಉಳಿಯುವುದು 28,000. ಇಷ್ಟಕ್ಕಾಗಿ ಯಾಕೆ ಒದ್ದಾಡಬೇಕು? ಬಿಟ್ಟುಬಿಡು.’ ಕೇಳಲು ವಿವೇಕದ ಮಾತಿನಂತೆಯೇ ಇದೆ. ಆದರೆ ಪರಿಶೋಧಕರ ಕಣ್ಣಿಗೆ ಇದು ತಪ್ಪು ಖಾತೆಗೆ ಬರೆದ ಖರ್ಚು. ಮಗು ಇಬ್ಬರದು. ಪಾಳಣಾಘರ ಇರುವುದರಿಂದ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದಾರೆ. ಆದಾಯದ ಅನುಪಾತದಲ್ಲಿ ಹಂಚಿದರೆ 19,200 ಗಂಡನ ಖಾತೆಗೆ, 12,800 ಹೆಂಡತಿಯ ಖಾತೆಗೆ ಬರಬೇಕು. ಆಗ ಅವಳ ನಿವ್ವಳ ಆದಾಯ 47,200.

ಎರಡನೆಯ ತಪ್ಪು ಇನ್ನೂ ದೊಡ್ಡದು. ಪಾಳಣಾಘರದ ಖರ್ಚು ಐದಾರು ವರ್ಷದ್ದು. ವೃತ್ತಿ ಇಪ್ಪತ್ತೈದು, ಮೂವತ್ತು ವರ್ಷದ್ದು. ಕೆಲಸ ಬಿಟ್ಟವಳು ಅಂದಿನ 28,000ವನ್ನು ಮಾತ್ರ ಬಿಡುವುದಿಲ್ಲ. ಭವಿಷ್ಯನಿಧಿಗೆ ಅವಳ ಕಡೆಯಿಂದಲೂ ಮಾಲೀಕರ ಕಡೆಯಿಂದಲೂ ಹೋಗುತ್ತಿದ್ದ ಶೇಕಡಾ 12ರ ವಂತಿಗೆಯನ್ನು, ಮುಂದಿನ ಬಡ್ತಿಗಳನ್ನು, ಐದು ವರ್ಷ ತುಂಬುವುದರೊಳಗೆ ಬಿಟ್ಟರೆ ಗ್ರಾಚ್ಯುಟಿಯ ಹಕ್ಕನ್ನೂ ಬಿಡುತ್ತಾಳೆ. ಹಿಂದಿರುಗಿ ಬಂದಾಗ ತನಗಿಂತ ಕಿರಿಯರ ಕೈಕೆಳಗೆ ಸೇರುತ್ತಾಳೆ. ಮನೆಯಲ್ಲಿರುವುದು ಅವಳ ಸ್ವಂತ ಆಯ್ಕೆಯಾದರೆ ಅದು ಪೂರ್ಣ ಗೌರವಕ್ಕೆ ಅರ್ಹವಾದ ಆಯ್ಕೆ. ಆಗ ಉಳಿತಾಯ, ಹೂಡಿಕೆ ಅವಳ ಹೆಸರಿನಲ್ಲೂ ಆಗಬೇಕು. ಆದರೆ ತಪ್ಪು ಲೆಕ್ಕವನ್ನು ತೋರಿಸಿ ಯಾರಿಂದಲೂ ರಾಜೀನಾಮೆ ಬರೆಸಬೇಡಿ.

ಹಾಗಾದರೆ ಪರಿಹಾರವೇನು? ನಮ್ಮ ಆಚಾರ್ಯರು ಗೃಹಸ್ಥರಿಗೆ ಹೇಳಿದ ವ್ರತಗಳಲ್ಲಿಯೇ ಒಂದು ಕೀಲಿಕೈ ಇದೆಯೆಂದು ನನಗೆ ತೋರುತ್ತದೆ. ಅಪರಿಗ್ರಹವೆಂದರೆ ಎಲ್ಲವನ್ನೂ ಬಿಡುವುದು; ಅದು ಮುನಿಗಳಿಗೆ. ಶ್ರಾವಕನಿಗೆ ಹೇಳಿದ್ದು ಪರಿಗ್ರಹ ಪರಿಮಾಣ, ಅಂದರೆ ಇಷ್ಟು ಸಾಕು ಎಂದು ಅಳತೆಯನ್ನು ಮೊದಲೇ ನಿಶ್ಚಯಿಸುವುದು. ಆಸೆ ಬಂದ ಮೇಲೆ ಅಳೆಯುವುದಲ್ಲ, ಬರುವ ಮೊದಲೇ ಗೆರೆ ಹಾಕುವುದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳುವ ದೇಶಾವಕಾಶಿಕ ವ್ರತವೂ ಹೀಗೆಯೇ: ಇಷ್ಟು ಕಾಲದವರೆಗೆ ಈ ಎಲ್ಲೆಯನ್ನು ದಾಟಿ ಹೋಗುವುದಿಲ್ಲ ಎಂಬ ನಿಯಮ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಕಚೇರಿಯ ಎಲ್ಲೆಗೆ ಮನಸ್ಸಿನಿಂದಲೂ ಮೊಬೈಲಿನಿಂದಲೂ ಹೋಗುವುದಿಲ್ಲ ಎಂದು ನಿಯಮ ಮಾಡಿಕೊಂಡರೆ ಫ್ರಾನ್ಸಿನ ಕಾನೂನು ಮಾಡಿದ ಕೆಲಸದ ಒಂದು ಪಾಲನ್ನು ನಾವೇ ಮಾಡಿಕೊಂಡಂತಾಯಿತು.

ಇದನ್ನು ಲೆಕ್ಕದ ಭಾಷೆಗೆ ತರುತ್ತೇನೆ. ನಮ್ಮ ಗಂಟೆಗಳನ್ನು ಕೊನೆಗೆ ಕಸಿದುಕೊಳ್ಳುವುದು ಬಾಸ್ ಎಂದು ನಾವು ಭಾವಿಸುತ್ತೇವೆ. ಬಹಳ ಸಲ ಅದು ಗೃಹಸಾಲದ ಕಂತು. ಶೇಕಡಾ 8.5ರ ಬಡ್ಡಿಗೆ 20 ವರ್ಷದ ಅವಧಿಗೆ 80 ಲಕ್ಷ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 69,426 ರೂಪಾಯಿ. 1 ಕೋಟಿ ಮಾಡಿದರೆ 86,782. ಇನ್ನೊಂದು ಕೋಣೆಗಾಗಿ, ಇನ್ನೂ ಎತ್ತರದ ಕಟ್ಟಡಕ್ಕಾಗಿ ತೆಗೆದ ಆ 20 ಲಕ್ಷದ ಬೆಲೆ ತಿಂಗಳಿಗೆ 17,356 ರೂಪಾಯಿ. ತಿಂಗಳಿಗೆ 200 ಗಂಟೆ ದುಡಿದು 80,000 ತರುವವರ ಒಂದು ಗಂಟೆಯ ಬೆಲೆ 400 ರೂಪಾಯಿ. ಆದ್ದರಿಂದ ಆ ಹೆಚ್ಚಿನ ಕೋಣೆಗೆ ತಿಂಗಳಿಗೆ 43 ಗಂಟೆ, ವಾರಕ್ಕೆ 10 ಗಂಟೆ, 20 ವರ್ಷ. ಕೋಣೆ ಬೇಡವೆಂದು ನಾನು ಹೇಳುವುದಿಲ್ಲ. ಹಿರಿಯರು ಜೊತೆಗಿರುವ ಮನೆಗೆ ಅದು ಅಗತ್ಯವಿರಬಹುದು. ಆದರೆ ಸಹಿ ಹಾಕುವ ಮೊದಲು ರೂಪಾಯಿಯನ್ನು ಗಂಟೆಗೆ ಪರಿವರ್ತಿಸಿ, ಆ ಗಂಟೆಗಳು ಯಾರ ಖಾತೆಯಿಂದ ಹೋಗುತ್ತವೆ ಎಂದು ಮನೆಯವರೆಲ್ಲ ಕುಳಿತು ನೋಡಿರಿ. ಮದುವೆಯ ಖರ್ಚಿಗೆ, ಎರಡನೆಯ ಕಾರಿಗೆ, ಊರಿನಲ್ಲಿ ಕಟ್ಟಿಸಿ ಬೀಗ ಹಾಕುವ ಮನೆಗೆ ಸಹ ಇದೇ ಅಳತೆ.

‘ಇದೆಲ್ಲ ಸಂಬಳದವರ ಮಾತು, ಸ್ವಂತ ವ್ಯವಹಾರದಲ್ಲಿ ನಡೆಯುವುದಿಲ್ಲ’ ಎಂದು ವ್ಯಾಪಾರಿ ಮಿತ್ರರು ಹೇಳಬಹುದು. ನಾನೂ ಸ್ವಂತ ಕಚೇರಿ ನಡೆಸುವವಳೇ. ನಮ್ಮ ಸಂಸ್ಥೆ ಒಬ್ಬ ಸಿಎ ವರ್ಷಕ್ಕೆ 60ಕ್ಕಿಂತ ಹೆಚ್ಚು ತೆರಿಗೆ ಆಡಿಟ್ ಒಪ್ಪಿಕೊಳ್ಳಬಾರದೆಂದು ಮಿತಿ ಹಾಕಿದೆ. ಗುಣಮಟ್ಟಕ್ಕಾಗಿ ಹಾಕಿದ ಈ ಮಿತಿ ಒಂದು ಪರಿಮಾಣವೇ ಅಲ್ಲವೆ? ನನ್ನ ಕಚೇರಿಯಲ್ಲಿ ನಾನು ಅದಕ್ಕಿಂತ ಬಹಳ ಕೆಳಗೆ ಗೆರೆ ಹಾಕಿದ್ದೇನೆ. ಆಗಸ್ಟ್ 15ರೊಳಗೆ ಪುಸ್ತಕ ಒಪ್ಪಿಸದವರ ಆಡಿಟನ್ನು ಆ ವರ್ಷ ಒಪ್ಪಿಕೊಳ್ಳುವುದಿಲ್ಲ. ಆರ್ಟಿಕಲ್‌ಶಿಪ್ ಮಾಡುವ ಮಕ್ಕಳು ಸಂಜೆ ಏಳರ ನಂತರ ಕಚೇರಿಯಲ್ಲಿರುವಂತಿಲ್ಲ, ಅವರಿಗೆ ಓದಲಿಕ್ಕಿದೆ. ಇದರಿಂದ ಕೆಲವು ಕಕ್ಷಿದಾರರು ಬಿಟ್ಟುಹೋದರು, ಆದಾಯ ಇಳಿಯಿತು. ಆ ಇಳಿತವನ್ನು ಮನೆಯಲ್ಲಿ ಮೊದಲೇ ಹೇಳಿ, ಒಪ್ಪಿಗೆ ಪಡೆದು, ಬಜೆಟ್ಟಿನಲ್ಲಿ ಬರೆದಿಟ್ಟಿದ್ದೆವು. ಪರಿಮಾಣಕ್ಕೆ ಬೆಲೆಯಿದೆ. ಬೆಲೆಯಿಲ್ಲದ ವ್ರತ ಯಾವುದಿದೆ?

ಕೊನೆಯದಾಗಿ, ಸಮಾಜದ ಮುಂದೆ ನಾಲ್ಕು ವಿನಂತಿಗಳನ್ನಿಡುತ್ತೇನೆ.

ಮೊದಲನೆಯದು, ವಿವಾಹ ಸಂಬಂಧದ ಮಾತುಕತೆ. ಹುಡುಗಿಯನ್ನು ‘ಮದುವೆಯ ನಂತರ ಕೆಲಸ ಬಿಡುತ್ತೀಯಾ, ಅಡುಗೆ ಬರುತ್ತದೆಯೇ’ ಎಂದು ಕೇಳುವ ಹಿರಿಯರು ಅದೇ ಎರಡು ಪ್ರಶ್ನೆಗಳನ್ನು ಹುಡುಗನಿಗೂ ಕೇಳಲಿ. ಕೇಳಲು ಸಂಕೋಚವಾದರೆ ಹುಡುಗಿಯನ್ನೂ ಕೇಳದಿರಲಿ. ಗಂಡುಮಕ್ಕಳಿಗೆ ಹತ್ತನೆಯ ತರಗತಿ ಮುಗಿಯುವುದರೊಳಗೆ ಅನ್ನ, ಸಾರು, ಪಲ್ಯ ಮಾಡಲು ಕಲಿಸುವುದು ತಂದೆಯ ಹೊಣೆಯಾಗಲಿ.

ಎರಡನೆಯದು, ಪರ್ವದ ಕಾರ್ಯಕ್ರಮಗಳು. ದಶಲಕ್ಷಣದ ಪೂಜೆ, ಪ್ರವಚನಗಳನ್ನು ಹಗಲು ಹನ್ನೊಂದಕ್ಕೆ ಇಟ್ಟು ಉದ್ಯೋಗಸ್ಥ ಮಹಿಳೆಯರು ಬರುವುದಿಲ್ಲವೆಂದು ಆಕ್ಷೇಪಿಸುತ್ತೇವೆ. ಬೆಳಗಿನ ಏಳಕ್ಕೆ ಒಂದು ಸಣ್ಣ ಪ್ರವಚನವಿರಲಿ. ಆ ದಿನಗಳ ಭೋಜನಶಾಲೆಯಲ್ಲಿ ಹೆಚ್ಚುವ, ಬೇಯಿಸುವ ಸರದಿಯಲ್ಲಿ ಪುರುಷರ ಹೆಸರೂ ಇರಲಿ. ಬಡಿಸುವುದರಲ್ಲಿ ಮಾತ್ರ ಅಲ್ಲ.

ಮೂರನೆಯದು, ಮಕ್ಕಳು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು 26 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ನಮ್ಮ ಮಕ್ಕಳಲ್ಲಿ ಅನೇಕರು ದುಡಿಯುವ ಚಿಕ್ಕ ಕಚೇರಿಗಳಿಗೆ ಅದು ತಲುಪುವುದಿಲ್ಲ. ವಾರದಲ್ಲಿ ಐದು ದಿನ ಬೀಗ ಹಾಕಿರುವ ಸಮಾಜದ ಸಭಾಗೃಹಗಳಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ಸಂಜೆ ಏಳರವರೆಗೆ ಇರಲು, ಕನ್ನಡ ಕಲಿಯಲು, ಹೊತ್ತು ಮುಳುಗುವ ಮೊದಲು ಉಣ್ಣಲು ಏರ್ಪಾಟು ಮಾಡಬಾರದೆ? ನಿವೃತ್ತ ಶಿಕ್ಷಕ, ಶಿಕ್ಷಕಿಯರು ನಮ್ಮಲ್ಲಿ ಇದ್ದಾರೆ. ಖರ್ಚಿನ ಅಂದಾಜುಪಟ್ಟಿಯನ್ನು ನಾನು ಶುಲ್ಕವಿಲ್ಲದೆ ಮಾಡಿಕೊಡುತ್ತೇನೆ.

ನಾಲ್ಕನೆಯದು, ಮಾಲೀಕರು. ನಮ್ಮ ಸಮಾಜದಲ್ಲಿ ಹೋಟೆಲು, ಕಾರ್ಖಾನೆ, ಕಚೇರಿ ನಡೆಸುವವರಿದ್ದಾರೆ. ಮಗುವಿಗಾಗಿ ಮೂರು, ನಾಲ್ಕು ವರ್ಷ ಕೆಲಸ ಬಿಟ್ಟ ಹೆಣ್ಣುಮಕ್ಕಳಿಗೆ ಅರ್ಧ ದಿನದ ಕೆಲಸವನ್ನಾದರೂ ಕೊಟ್ಟು ಮತ್ತೆ ವೃತ್ತಿಗೆ ಕರೆತನ್ನಿ. ತಮ್ಮಲ್ಲಿ ದುಡಿಯುವವರು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವಂತೆ ನೋಡಿಕೊಳ್ಳಿ. ನಮ್ಮ ಮಕ್ಕಳನ್ನು ಬೇರೆಯವರು ಹಾಗೆ ನಡೆಸಿಕೊಳ್ಳಲಿ ಎಂದು ಬಯಸುವ ನಾವು ಬೇರೆಯವರ ಮಕ್ಕಳನ್ನು ಹಾಗೆ ನಡೆಸಿಕೊಳ್ಳಬೇಕು. ಅಹಿಂಸೆ ಎಂದರೆ ಅದೂ ಸೇರಿದ್ದೇ.

ಈ ವಾರ ಒಂದು ಕೆಲಸ ಮಾಡಿ. ಒಂದು ಹಾಳೆಯ ಮೇಲೆ ಮನೆಯ ಪ್ರತಿಯೊಬ್ಬ ವಯಸ್ಕರ ಹೆಸರನ್ನೂ ಬರೆದು, ಅವರವರ 168 ಗಂಟೆಗಳನ್ನು ಅವರವರ ಕೈಯಿಂದಲೇ ಬರೆಸಿರಿ. ಯಾರ ಪಟ್ಟಿ 168ನ್ನು ಮೀರುತ್ತದೆಯೋ ಅವರಿಂದ ಎರಡು ಕೆಲಸಗಳನ್ನು ತೆಗೆದು, ಯಾರ ಪಟ್ಟಿಯಲ್ಲಿ ಉಳಿಕೆಯಿದೆಯೋ ಅವರಿಗೆ ಬರೆಯಿರಿ. ಅದಾದ ಮೇಲೆ ಹಾಳೆಯ ಕೆಳಗೆ ಎಲ್ಲರೂ ಸಹಿ ಹಾಕಿರಿ. ಸಹಿಯಿಲ್ಲದ ಲೆಕ್ಕವನ್ನು ನಾವು ಒಪ್ಪುವುದಿಲ್ಲ.